ಗೊತ್ತಿರುವ ದೋಷ ಅಂದಮಾತ್ರಕ್ಕೆ ಇಂಜಿನ್ ಬಿಚ್ಚಬೇಡಿ

ಐಷಾರಾಮಿ ಕಾರುಗಳ ಇಂಜಿನ್ ತೊಂದರೆ ಪತ್ತೆ ಮಾಡುವುದು ನನ್ನ ಕೆಲಸ. ಎಲ್ಲರಿಗೂ ಮೊದಲೇ ಗೊತ್ತಿರುವ ದೋಷವೇ ಈ ಕೆಲಸದಲ್ಲಿ ಜಾಸ್ತಿ ಕಷ್ಟ ಕೊಡುತ್ತದೆ. ಗಾಡಿ ಒಳಗೆ ಬರುವಷ್ಟರಲ್ಲೇ ಓನರ್ ಬಾಯಲ್ಲಿ ದೋಷದ ಹೆಸರು ಬಂದಿರುತ್ತದೆ. ಟೆಕ್ನಿಷಿಯನ್ ತಲೆಯಲ್ಲೂ ಅದೇ ಓಡುತ್ತಿರುತ್ತದೆ. ಆ ಮಾಡೆಲ್‌ಗೆ ಬರುವ ದೋಷ ಈ ಗಾಡಿಗೂ ಬಂದಿದೆಯಾ ಅಂತ ಮಾತ್ರ ಇನ್ನೂ ಯಾರೂ ನೋಡಿರುವುದಿಲ್ಲ.

ನಮ್ಮ ಕೆಲಸದವರೆಲ್ಲ ಬಲ್ಲ ಒಂದು ಉದಾಹರಣೆ ತಗೊಳ್ಳೋಣ. ಮರ್ಸಿಡಿಸ್-ಬೆಂಜ್‌ನ ಎಂ272 ಅನ್ನುವ ವಿ6 ಇಂಜಿನ್, ಅಂದರೆ ಆರು ಸಿಲಿಂಡರ್‌ಗಳು V ಆಕಾರದಲ್ಲಿ ಎರಡು ಸಾಲಾಗಿ ಇರುವಂಥದ್ದು. ಇದರ ಸಿಲಿಂಡರ್ ಸಾಲುಗಳ ನಡುವಿನ ಕೋನ 90 ಡಿಗ್ರಿ. ಆ ಕೋನದ ವಿ6 ಇಂಜಿನ್ ತಾನಾಗಿಯೇ ಸಮತೋಲನದಲ್ಲಿ ತಿರುಗುವುದಿಲ್ಲ, ಅದುರುತ್ತದೆ. ಅದುರಾಟ ತಡೆಯಲು ಎರಡು ಸಾಲುಗಳ ನಡುವೆ ಒಂದು ಬ್ಯಾಲೆನ್ಸ್ ಶಾಫ್ಟ್ ಕೂರಿಸಿದ್ದಾರೆ. ಅದನ್ನು ತಿರುಗಿಸುವುದು ಟೈಮಿಂಗ್ ಚೈನ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟನ್ನು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳಿಗೆ ಜೋಡಿಸುವುದೂ ಇದೇ ಚೈನ್. ಮೊದಮೊದಲು ತಯಾರಾದ ಇಂಜಿನ್‌ಗಳಲ್ಲಿ ಆ ಶಾಫ್ಟಿನ ಗೇರ್ ಹಲ್ಲುಗಳು ಬೇಗ ಸವೆಯುತ್ತಿದ್ದವು. ಹಲ್ಲು ಸವೆದಂತೆ ಚೈನ್ ಒಳಕ್ಕೆ ಕೂರುತ್ತದೆ, ಕ್ಯಾಮ್‌ಶಾಫ್ಟ್‌ಗಳು ಕ್ರ್ಯಾಂಕ್‌ಶಾಫ್ಟ್‌ಗಿಂತ ಹಿಂದೆ ಬೀಳುತ್ತವೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಇದೇ ಕುಟುಂಬದ ವಿ8 ಇಂಜಿನ್ ಎಂ273. ಅದಕ್ಕೆ ಬ್ಯಾಲೆನ್ಸ್ ಶಾಫ್ಟ್ ಬೇಕಿಲ್ಲ. ಆದರೆ ಆ ಜಾಗದಲ್ಲಿ ಚೈನ್ ಹಾಯಲು ಇಟ್ಟಿರುವ ಗೇರ್‌ಗೂ ಅದೇ ಗತಿ. ಅಮೆರಿಕದಲ್ಲಿ ಓನರ್‌ಗಳು ಈ ವಿಷಯವನ್ನು ಕೋರ್ಟಿಗೂ ಒಯ್ದಿದ್ದರು.

ಸವೆಯುವ ತುಂಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದನ್ನು ಬದಲಿಸಲು ಇಂಜಿನ್ನೇ ಕೆಳಗಿಳಿಯಬೇಕು. ಖರ್ಚೆಲ್ಲ ಕೂಲಿಯಲ್ಲಿ ಹೋಗುತ್ತದೆ, ಪಾರ್ಟಿನಲ್ಲಿ ಅಲ್ಲ. ಹಾಗಾಗಿ ಸುಮ್ನೆ ಅನುಮಾನದ ಮೇಲೆ ಈ ಕೆಲಸಕ್ಕೆ ಕೈ ಹಾಕುವುದು ಓನರ್‌ಗೆ ಮಾಡುವ ದೊಡ್ಡ ಅನ್ಯಾಯ.

ಮೊದಲು ನೋಡಬೇಕಾದ್ದು ಇಂಜಿನ್ ನಂಬರ್. ಗಾಡಿಯ ಮಾಡೆಲ್ ವರ್ಷ ನೋಡಿ ತೀರ್ಮಾನಿಸುವವರು ಬಹಳ. ಆದರೆ ಫ್ಯಾಕ್ಟರಿಯಲ್ಲಿ ಪಾರ್ಟ್ ಬದಲಾಗುವುದು ಒಂದು ನಿರ್ದಿಷ್ಟ ಇಂಜಿನ್ ನಂಬರಿನಿಂದ. ಒಂದೇ ವರ್ಷದ ಎರಡು ಗಾಡಿಗಳಲ್ಲಿ ಒಂದಕ್ಕೆ ಹಳೆಯ ಗೇರ್, ಇನ್ನೊಂದಕ್ಕೆ ಸುಧಾರಿಸಿದ ಗೇರ್ ಇರಬಹುದು. ಹಿಂದೆಂದೋ ಇಂಜಿನ್ನೇ ಬದಲಾಗಿದ್ದರೆ ಮಾಡೆಲ್ ವರ್ಷಕ್ಕೆ ಬೆಲೆಯೇ ಇಲ್ಲ. ಬ್ಲಾಕ್ ಮೇಲೆ ಕೊರೆದಿರುವ ನಂಬರನ್ನು ಕಣ್ಣಾರೆ ಓದಿ, ಫೋಟೋ ತೆಗೆದು, ಜಾಬ್ ಕಾರ್ಡ್‌ನಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ಪಾರ್ಟ್ಸ್ ಕ್ಯಾಟಲಾಗ್ ಕೂಡ ತೆರೆದು ನೋಡುತ್ತೇನೆ. ಒಂದು ಪಾರ್ಟಿನ ನಂಬರ್ ಮೇಲಿಂದ ಮೇಲೆ ಬದಲಾಗಿದ್ದರೆ, ಕಂಪನಿ ಅದನ್ನು ತಿದ್ದುತ್ತಲೇ ಬಂದಿದೆ ಅನ್ನುವ ಸುಳಿವು ಸಿಕ್ಕಂತೆ.

ಆಮೇಲೆ ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಕೇತ. ಎಂ272ರಲ್ಲಿ ಗೇರ್ ಸವೆದಿದ್ದರೆ ಸಾಮಾನ್ಯವಾಗಿ ಎಡ ಮತ್ತು ಬಲ, ಎರಡೂ ಸಾಲಿನ ಇನ್‌ಟೇಕ್ (ಗಾಳಿ ಒಳಬಿಡುವ) ಕ್ಯಾಮ್‌ಗಳ ಮೇಲೆ ದೂರು ಬರುತ್ತದೆ. ಒಂದೇ ಸಾಲಿನ ಮೇಲೆ ಬಂದರೆ ಆ ಕಡೆಯ ಕ್ಯಾಮ್ ಕೋನ ಹೊಂದಿಸುವ ಅಡ್ಜಸ್ಟರ್, ಅದರ ಮ್ಯಾಗ್ನೆಟ್, ಸೆನ್ಸರ್ ಇವುಗಳನ್ನು ಮೊದಲು ನೋಡಬೇಕು. ಅವೆಲ್ಲ ಇಂಜಿನ್ ಇಳಿಸದೆಯೇ ಆಗುವ ಕೆಲಸ. ಅಷ್ಟಾದ ಮೇಲೆ ಕೈಯಿಂದ ಕ್ರ್ಯಾಂಕ್ ತಿರುಗಿಸಿ ಪುಲ್ಲಿಯನ್ನು 305 ಡಿಗ್ರಿ ಗುರುತಿಗೆ ತರುತ್ತೇವೆ. ಕ್ಯಾಮ್ ಸೆನ್ಸರ್ ಬಿಚ್ಚಿ ಆ ತೂತಿನೊಳಗೆ ನೋಡಿದರೆ, ಹಿಂದಿರುವ ಚಕ್ರದ ಗುರುತು ತೂತಿನ ನಡುವೆ ನಿಲ್ಲಬೇಕು. ಪಕ್ಕಕ್ಕೆ ಸರಿದಿದ್ದರೆ ಟೈಮಿಂಗ್ ಜಾರಿದೆ ಅಂತಲೇ ಅರ್ಥ. ಈ ಪರೀಕ್ಷೆಗೆ ಹಿಡಿಯುವ ಹೊತ್ತು ತೀರಾ ಕಡಿಮೆ. ಅದನ್ನು ಬಿಟ್ಟು ಬರೀ ಕೋಡ್ ನೋಡಿ ಇಂಜಿನ್ ಇಳಿಸಲು ಹೊರಡುವುದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ನಮ್ಮಲ್ಲಿಗೆ ಬಂದ ಬೇರೊಂದು ಕಂಪನಿಯ ವಿ8 ಗಾಡಿಯ ಕಥೆ ಹೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡ್ ಗಡಗಡ ಸದ್ದು, ಆಮೇಲೆ ಮೌನ. ಆ ಇಂಜಿನ್‌ನಲ್ಲಿ ಚೈನನ್ನು ದಾರಿ ತಪ್ಪದಂತೆ ಹಿಡಿಯುವ ಗೈಡ್‌ಗಳು ಪ್ಲಾಸ್ಟಿಕ್‌ನವು, ಒಡೆಯುತ್ತವೆ ಅಂತ ಹೆಸರಾಗಿವೆ. ಓನರ್ ಬಂದವರೇ, ‘ಸರ್, ಗೈಡ್ ಹೋಗಿದೆ. ಎಷ್ಟು ದಿನ ಹಿಡಿಯುತ್ತೆ ಹೇಳಿ ಸಾಕು’ ಅಂದರು. ‘ಮೇಡಂ, ಒಂದು ರಾತ್ರಿ ಗಾಡಿ ಇಲ್ಲೇ ಬಿಡಿ. ತಣ್ಣಗಿದ್ದಾಗ ನಾವೇ ಸ್ಟಾರ್ಟ್ ಮಾಡಿ ಕೇಳಬೇಕು’ ಅಂದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೂ ಬಿಟ್ಟು ಹೋದರು.

ಸ್ಕ್ಯಾನರ್‌ನಲ್ಲಿ ಕ್ಯಾಮ್‌ಗಳ ಕೋನ ಸರಿಯಾಗಿಯೇ ಇತ್ತು. ಆಯಿಲ್ ಫಿಲ್ಟರ್ ತೆಗೆದು ಕತ್ತರಿಸಿ, ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಪ್ಲಾಸ್ಟಿಕ್ ಚೂರಿಲ್ಲ, ಲೋಹದ ಮಿನುಗಿಲ್ಲ. ಹಾಕಿದ್ದ ಫಿಲ್ಟರ್ ಮಾತ್ರ ಆ ಇಂಜಿನ್ನಿಗೆ ಹೇಳಿದ್ದಲ್ಲ. ಇಂಜಿನ್ ನಿಂತಾಗ ಆಯಿಲ್ ಕೆಳಗಿಳಿದು ಹೋಗದಂತೆ ತಡೆಯುವ ರಬ್ಬರ್ ವಾಲ್ವ್ ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ರಾತ್ರಿಯೆಲ್ಲ ಆಯಿಲ್ ಇಳಿದು ಹೋದರೆ ಬೆಳಿಗ್ಗೆ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಒತ್ತಡ ತಡವಾಗಿ ಸಿಗುತ್ತದೆ. ಅಷ್ಟು ಹೊತ್ತು ಚೈನ್ ಬಡಿದುಕೊಳ್ಳುತ್ತದೆ. ಸರಿಯಾದ ಫಿಲ್ಟರ್, ಸರಿಯಾದ ಆಯಿಲ್ ಹಾಕಿ ಇನ್ನೊಂದು ರಾತ್ರಿ ನಿಲ್ಲಿಸಿದೆವು. ಬೆಳಿಗ್ಗೆ ಸದ್ದಿರಲಿಲ್ಲ. ಅವತ್ತು ನನಗಾದ ಖುಷಿ ದೊಡ್ಡ ಓವರ್‌ಹಾಲ್ ಮುಗಿಸಿದಾಗಲೂ ಆಗುವುದಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಸದ್ದೇ ಇಲ್ಲದ ಗಾಡಿಯ ಫಿಲ್ಟರ್‌ನಲ್ಲಿ ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕರೆ ಆ ಗಾಡಿಯನ್ನು ನಾವು ಓಡಿಸಲು ಬಿಡುವುದಿಲ್ಲ. ಗೈಡ್ ಮುರಿದು ಚೈನ್ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ರಿಪೇರಿ ಮಾತೇ ಬೇರೆ. ಸರ್ವೀಸ್‌ಗೆ ಬಂದ ಗಾಡಿಯ ಹಳೆ ಫಿಲ್ಟರನ್ನು ಕಸಕ್ಕೆ ಹಾಕುವ ಮೊದಲು ಬಿಡಿಸಿ ನೋಡಿ ಅಂತ ಹೊಸ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ದೋಷ ನಿಜವಾಗಿಯೂ ಇದೆ ಅಂತ ಗೊತ್ತಾದ ಮೇಲೂ ತಕ್ಷಣ ಬಿಚ್ಚಬಾರದು. ಕಂಪನಿಯಿಂದ ನೆರವು ಕೇಳುವ ಆಸೆ ಓನರ್‌ಗೆ ಇದ್ದರಂತೂ ಬೇಡವೇ ಬೇಡ. ಇಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ರಿಕಾಲ್ ಬೇರೆ, ಟೆಕ್ನಿಕಲ್ ಬುಲೆಟಿನ್ ಬೇರೆ. ರಿಕಾಲ್ ಬಹುತೇಕ ಸುರಕ್ಷತೆಗೆ ಸಂಬಂಧಿಸಿದ್ದು, ಅದರಲ್ಲಿ ಕಂಪನಿಯೇ ಗಾಡಿಗಳನ್ನು ಕರೆಸಿ ಸರಿಮಾಡುತ್ತದೆ. ಬುಲೆಟಿನ್ ಅನ್ನುವುದು ವರ್ಕ್‌ಶಾಪ್‌ಗಳಿಗೆ ಕಳಿಸುವ ಸೂಚನೆ: ಈ ಲಕ್ಷಣ ಕಂಡರೆ ಇದನ್ನು ಪರೀಕ್ಷಿಸಿ, ಹೀಗೆ ಸರಿಮಾಡಿ ಅಂತ. ಬುಲೆಟಿನ್ ಇದೆ ಅಂದಮಾತ್ರಕ್ಕೆ ರಿಪೇರಿ ಉಚಿತವಾಗುವುದಿಲ್ಲ. ವಾರಂಟಿ ಮುಗಿದಿದ್ದರೆ ಉಳಿಯುವುದು ಗುಡ್‌ವಿಲ್. ಅದು ಕಂಪನಿ ಮನಸ್ಸು ಮಾಡಿದರೆ ಕೊಡುವಂಥದ್ದು, ಹಕ್ಕಲ್ಲ. ಹಾಗಂತ ಕೇಳದೇ ಇರಬಾರದು. ಪೂರ್ತಿ ಕೊಡದಿದ್ದರೂ ಪಾರ್ಟಿನ ಬೆಲೆಯನ್ನೋ ಕೂಲಿಯ ಒಂದು ಪಾಲನ್ನೋ ಕಂಪನಿ ಹೊತ್ತುಕೊಳ್ಳುವುದುಂಟು.

ಕೇಳುವಾಗ ಸಿಟ್ಟಿನ ಮಾತಿಗಿಂತ ಕಾಗದ ಕೆಲಸ ಮಾಡುತ್ತದೆ. ಇಂಜಿನ್ ನಂಬರ್, ಓಡಿದ ಕಿಲೋಮೀಟರ್, ಪ್ರತಿ ಸರ್ವೀಸ್‌ನ ಬಿಲ್, ಯಾವ ಆಯಿಲ್ ಹಾಕಿದ್ದು, ಅಳಿಸುವ ಮೊದಲಿನ ಕೋಡ್‌ಗಳ ಪ್ರಿಂಟ್, ಗುರುತು ಸರಿದಿರುವ ಫೋಟೋ. ಇಷ್ಟನ್ನು ಕಳಿಸಿ, ಉತ್ತರ ಬರುವ ತನಕ ಕಾಯಬೇಕು. ಕಂಪನಿಯವರು ಬಂದು ನೋಡಬೇಕು ಅಂದಾಗ ಇಂಜಿನ್ ಆಗಲೇ ಬಿಚ್ಚಿ ಹರಡಿದ್ದರೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಕೋಡ್ ಅಳಿಸಿಬಿಟ್ಟರೂ ಅಷ್ಟೇ. ಬಿಚ್ಚಿದ ಹಳೆ ಪಾರ್ಟ್ ಕೂಡ ಚೀಟಿ ಅಂಟಿಸಿ ಇಡಬೇಕು, ಗುಜರಿಗೆ ಹಾಕಬಾರದು.

ಓನರ್ ಜೊತೆ ಮಾತಾಡುವಾಗ ನಾನು ಎರಡು ಮಾತು ಆಡುವುದಿಲ್ಲ. ಒಂದು, ‘ಈ ಗಾಡಿಗಳಿಗೆಲ್ಲ ಇದು ಬಂದೇ ಬರುತ್ತೆ’ ಅನ್ನುವುದು. ಅದು ಸುಳ್ಳು, ಭಯ ಹುಟ್ಟಿಸುವ ಮಾತು. ಇನ್ನೊಂದು, ‘ಇಂಥ ದೋಷ ಇದೆ ಅಂತ ನಾವು ಕೇಳೇ ಇಲ್ಲ’ ಅನ್ನುವುದು. ಅದು ಇನ್ನೂ ಕೆಟ್ಟದು. ಆ ಮನುಷ್ಯ ಮನೆಗೆ ಹೋಗಿ ಫೋನಿನಲ್ಲಿ ಹುಡುಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಿರುವುದನ್ನು ಇದ್ದ ಹಾಗೆ ಹೇಳಿ, ನಿಮ್ಮ ಗಾಡಿಯಲ್ಲಿ ನಾವು ಕಂಡದ್ದು ಇದು, ಇನ್ನೂ ಕಾಣದಿರುವುದು ಇದು ಅಂತ ಬರೆದು ಕೊಡುತ್ತೇನೆ. ಬರೆದು ಕೊಡುವುದು ಮುಖ್ಯ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಯಾಕೆ ಮುಖ್ಯ ಅನ್ನುವುದು ಪೋರ್ಷೆಯ ಹಳೆಯ ಎಂ96 ಇಂಜಿನ್ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಬಾಕ್ಸ್‌ಟರ್ ಮತ್ತು 996 ತಲೆಮಾರಿನ ಹೆಚ್ಚಿನ 911 ಗಾಡಿಗಳಲ್ಲಿ ಇದ್ದದ್ದು ಅದು. ಕ್ರ್ಯಾಂಕ್‌ನಿಂದ ಕ್ಯಾಮ್‌ಗಳ ಚೈನ್‌ಗಳಿಗೆ ತಿರುಗುವಿಕೆ ದಾಟಿಸುವ ಅದರ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಬೇರಿಂಗ್ ಮುರಿದರೆ ಇಂಜಿನ್ನೇ ಹೋಗುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದು ಮುರಿಯುವುದಿಲ್ಲ. ಆದರೂ ಓನರ್‌ಗೆ ನಿದ್ದೆ ಬರುವುದಿಲ್ಲ. ಆ ಬೇರಿಂಗ್ ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಕ್ಲಚ್ ಕೆಲಸ ಬಂದಾಗಲೇ ಬೇರಿಂಗ್ ಕೂಡ ಬದಲಿಸುವುದು ಬುದ್ಧಿವಂತಿಕೆ. ಆದರೆ ಅದಕ್ಕೂ ಮೊದಲು ಫಿಲ್ಟರ್ ಕತ್ತರಿಸಿ, ಇಂಜಿನ್ ತಳದ ಆಯಿಲ್ ಸಂಪ್ ತೆರೆದು ನೋಡಬೇಕು. ಲೋಹದ ಪುಡಿ ಆಗಲೇ ಇಂಜಿನ್ ತುಂಬ ಹರಿದಾಡಿದ್ದರೆ ಹೊಸ ಬೇರಿಂಗ್ ಹಾಕಿ ಮುಚ್ಚುವುದು ಓನರ್ ಹಣವನ್ನು ನೀರಿಗೆ ಹಾಕಿದಂತೆ. ಆ ಪುಡಿ ಉಳಿದ ಬೇರಿಂಗ್‌ಗಳನ್ನೂ ತಿನ್ನುತ್ತದೆ.

ಇಂಜಿನ್ ಇಳಿಸಲೇಬೇಕಾದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಹೇಗೂ ಇಳಿಸಿದ್ದೇವಲ್ವಾ, ಇನ್ನೇನು ಬದಲಿಸೋಣ? ಸವೆದ ಗೇರ್ ಜೊತೆ ಓಡಿದ ಚೈನ್ ಮತ್ತು ಟೆನ್ಷನರ್ ಹೊಸದಾಗಲೇಬೇಕು. ಹೊಸ ಗೇರ್ ಮೇಲೆ ಹಳೆ ಚೈನ್ ಹಾಕಿದರೆ ಹೊಸ ಹಲ್ಲೂ ಬೇಗ ಸವೆಯುತ್ತದೆ. ಕ್ರ್ಯಾಂಕ್‌ನ ಹಿಂದಿನ ಸೀಲ್, ಇಂಜಿನ್ ಮೌಂಟ್ ಇವು ಹಳತಾಗಿದ್ದರೆ ಈಗಲೇ ಮಾಡಿಸಿ ಅನ್ನುತ್ತೇನೆ, ಏಕೆಂದರೆ ಆಮೇಲೆ ಕೂಲಿ ಎರಡು ಸಲ ಆಗುತ್ತದೆ. ಅದಕ್ಕಿಂತ ಮುಂದಿನದನ್ನು ಪಟ್ಟಿಗೆ ಸೇರಿಸುವ ಮುಂಚೆ ಪಾರ್ಟನ್ನು ಓನರ್ ಕೈಗೆ ಕೊಟ್ಟು ತೋರಿಸಬೇಕು.

ಕೆಲಸ ಮುಗಿದ ಮೇಲೆ ಹೊಸ ಪಾರ್ಟ್ ನಂಬರ್‌ಗಳನ್ನು ಬಿಲ್ಲಿನಲ್ಲಿ ಪೂರ್ತಿ ಬರೆಯುತ್ತೇವೆ. ‘ಚೈನ್ ಸೆಟ್’ ಅಂತ ಬರೆದರೆ ಸಾಲದು. ಸುಧಾರಿಸಿದ ಗೇರ್ ಹಾಕಿದ್ದಾರೆ ಅಂತ ಮುಂದೆ ಗಾಡಿ ಕೊಳ್ಳುವವರಿಗೆ ಆ ನಂಬರ್ ಒಂದೇ ಪುರಾವೆ. ಮೊದಲ ಆಯಿಲ್ ಬದಲಾವಣೆಯನ್ನು ಬೇಗ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸುತ್ತೇವೆ. ಗಾಡಿ ಮತ್ತೆ ಬಂದಾಗ ಫಿಲ್ಟರ್ ಕತ್ತರಿಸಿ, ಕ್ಯಾಮ್ ಕೋನಗಳನ್ನು ಇನ್ನೊಮ್ಮೆ ಓದಿ, ಅದೇ ಜಾಬ್ ಕಾರ್ಡ್‌ನಲ್ಲಿ ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯುತ್ತೇವೆ.