ಟೆಂಪೋ ಹತ್ತಿದ್ದ ಜೈಮಿನಿ ಭಾರತ

ಬ್ಯಾಂಕಿನಲ್ಲಿ ಒಂದೇ ಎಂಟ್ರಿ ಎರಡು ಕಡೆ ಕಂಡರೆ ಒಂದು ತಪ್ಪು ಅಂತಲೇ ಅರ್ಥ. ರಿಟೈರ್ ಆದಮೇಲೆ ಈ ಬುದ್ಧಿಯನ್ನು ಹಾಗೇ ಹೊತ್ತುಕೊಂಡು ಒಂದು ಹಳೇ ಸಂಶೋಧನಾ ಗ್ರಂಥಾಲಯಕ್ಕೆ ಸ್ವಯಂಸೇವಕನಾಗಿ ಸೇರಿದೆ. ಹಳೇ ಮೈಸೂರು ಕಡೆಯ ಊರು, ಹೆಸರು ಬೇಡ. ಸಂಬಳ ಇಲ್ಲ, ಕಾಫಿ ಇದೆ.

ಶಾನುಭೋಗರ ಮನೆ, ವಕೀಲರ ಮನೆ, ಮೇಷ್ಟ್ರ ಮನೆಗಳಿಂದ ದಾನವಾಗಿ ಬಂದ ಟ್ರಂಕುಗಳನ್ನು ಬಿಚ್ಚಬೇಕು. ಧೂಳು ಹೊಡೆದು, ಬಂದ ಪುಸ್ತಕಗಳ ದಾಖಲೆಯಾದ ಅಕ್ಸೆಶನ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಕಂಪ್ಯೂಟರ್ ಕ್ಯಾಟಲಾಗಿನ ನಂಬರ್ ಹಾಕಿದ ಫೀಲ್ಡುಗಳಲ್ಲಿ 245ರಲ್ಲಿ ಹೆಸರು, 260ರಲ್ಲಿ ಪ್ರೆಸ್ಸು, ಇಸವಿ ತುಂಬಿ ಸೇವ್ ಒತ್ತಬೇಕು. ಸೇವ್ ಒತ್ತಿದಾಗಲೆಲ್ಲ ನಮ್ಮ ಸಾಫ್ಟ್‌ವೇರ್ ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ. ಒಮ್ಮೊಮ್ಮೆ ಬೇಡ ಅಂತ ತೀರ್ಮಾನವನ್ನೂ ಮಾಡುತ್ತದೆ.

ಶುರುವಿನಲ್ಲೇ ನನಗೊಂದು ದೊಡ್ಡ ಬೇಟೆ ಸಿಕ್ಕಿತು. ಹಿಂದೆ ಕೆಲಸ ಮಾಡಿದವರು ಯಾರೋ ಪುಸ್ತಕದ ಮೇಲಿದ್ದ ಶಕ ವರ್ಷವನ್ನೇ ಇಸವಿ ಅಂತ ಹೊಡೆದಿದ್ದರು. ಹಾಗಾಗಿ ನಮ್ಮ ಕ್ಯಾಟಲಾಗ್ ಪ್ರಕಾರ 1789ರಲ್ಲಿ ಅಚ್ಚಾದ ಕನ್ನಡ ಪುಸ್ತಕ ನಮ್ಮಲ್ಲಿತ್ತು! ಕನ್ನಡದ ಮೊದಮೊದಲ ಅಚ್ಚಿನ ಪುಸ್ತಕಗಳಲ್ಲಿ ಒಂದಾದ ವಿಲಿಯಂ ಕೇರಿ ಎಂಬ ಪಾದ್ರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಗಿದ್ದೇ 1817ರಲ್ಲಿ. ಶಕಕ್ಕೆ 78 ಸೇರಿಸಿದರೆ 1867, ಪ್ರಭವ ಸಂವತ್ಸರ, ಲೆಕ್ಕ ಸರಿಹೋಯಿತು. ಪುಷ್ಯದ ಕೊನೆಯಿಂದ ಫಾಲ್ಗುಣದವರೆಗಿನ ತಿಥಿ ಕೊಟ್ಟಿದ್ದರೆ 79 ಸೇರಿಸಬೇಕು, ಅದನ್ನೂ ನೋಡಿ ಸರಿ ಮಾಡಿದೆ. ಇಂಥವು ಇನ್ನೂ ಹಲವು ಸಿಕ್ಕವು. ಕಾರ್ಯದರ್ಶಿಗಳು ಮೀಟಿಂಗಿನಲ್ಲಿ ಹೊಗಳಿದರು. ನನಗೂ ಸ್ವಲ್ಪ ಕೊಬ್ಬು ಬಂತು ಅನ್ನಿ.

ಅದೇ ಮೀಟಿಂಗಿನಲ್ಲಿ ಡುಪ್ಲಿಕೇಟ್ ವಿಷಯ ಬಂತು. ಸ್ಕ್ಯಾನಿಂಗ್‌ನವರು ಪುಟಕ್ಕೆ ಇಷ್ಟು ಅಂತ ದುಡ್ಡು ಕೇಳುತ್ತಾರೆ. ಶೆಲ್ಫಿನಲ್ಲಿ ಜಾಗವೂ ಇಲ್ಲ. ಒಂದೇ ಪುಸ್ತಕದ ಎರಡನೇ ಪ್ರತಿ ಇದ್ದರೆ 'ಡಿ' ಹಾಕಿ, ಡಿ ಬಿದ್ದದ್ದು ರದ್ದಿಗೆ. ಪಟ್ಟಿ ಮಾಡೋರು ಯಾರು? ನಾನೇ ಕೈ ಎತ್ತಿದೆ.

ಜೈಮಿನಿ ಭಾರತವಂತೂ ಬೇಕಾದಷ್ಟು. ಊರೂರಲ್ಲಿ ಓದಿಸುತ್ತಿದ್ದ ಕಾವ್ಯ, ಯಾವ ಮನೆಯ ಟ್ರಂಕ್ ತೆಗೆದರೂ ಒಂದಾದರೂ ಇರುತ್ತದೆ. ನಾನು ಮೊದಲ ಪುಟ ನೋಡುವುದು, ಪ್ರೆಸ್ಸು ಅದೇ, ವರ್ಷ ಅದೇ, ಟಿಕ್. ಮುಂದಿನದು. ವೋಚರ್ ಟಿಕ್ ಹಾಕಿದಷ್ಟೇ ಸರಾಗ. ನಮ್ಮ ಅಟೆಂಡರ್ ಮಾತ್ರ ಪಕ್ಕದಲ್ಲಿ ನಿಂತು, "ಒಂದ್ಸಲ ಹಿಂದೆ ತಿರುಗ್ಸಿ ನೋಡಿ ಸಾರ್" ಅಂತ ಗೊಣಗುತ್ತಿದ್ದರು. ಹುಳ ಬಿದ್ದಿದೆಯಾ ನೋಡಲು ಹೇಳುತ್ತಿದ್ದಾರೆ ಅಂದುಕೊಂಡು, "ನೀವೇ ನೋಡಿಬಿಡಿ" ಅಂದೆ.

ರದ್ದಿಯ ಟೆಂಪೋ ಬಂದ ದಿನ ನಾನು ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಟ್ಟುಗಳು ಒಂದೊಂದಾಗಿ ತಕ್ಕಡಿ ಹತ್ತಿ, ಟೆಂಪೋ ಹತ್ತಿದವು. ಹೆಚ್ಚುಕಡಿಮೆ ಎಲ್ಲ ಮುಗಿಯಿತು ಅನ್ನುವಾಗ ಅಟೆಂಡರ್ ಒಂದು ಕಟ್ಟಿಗೆ ಕೈ ಅಡ್ಡ ಇಟ್ಟರು. "ಸಾರ್, ನೀವು ಶೆಲ್ಫಲ್ಲಿ ಉಳಿಸ್ಕೊಂಡಿರೋ ಜೈಮಿನಿ ಇಷ್ಟು. ಇದು ನೋಡಿ ಎಷ್ಟು ದಪ್ಪ." ಹೆಬ್ಬೆರಳು ತೋರುಬೆರಳಲ್ಲಿ ಅಳತೆ ತೋರಿಸಿದರು. ವರ್ಷಗಟ್ಟಲೆ ಅದೇ ಪುಸ್ತಕಗಳ ಧೂಳು ಹೊಡೆದ ಕೈ.

ದಾರ ಬಿಚ್ಚಿಸಿದೆ. ಜೈಮಿನಿ ಮುಗಿದ ಮೇಲೂ ಪುಸ್ತಕ ಮುಗಿದಿರಲಿಲ್ಲ. ಹಿಂದೆ ಒಂದು ಹಾಡಿನ ಪುಸ್ತಕ, ಅದರ ಹಿಂದೆ ಮುಖಪುಟ ಹೋದ ಒಂದು ಪಂಚಾಂಗ. ನಡುವಿನ ಖಾಲಿ ಹಾಳೆಗಳಲ್ಲಿ ಶಾಯಿಯಲ್ಲಿ ಬರೆದ ಭತ್ತದ ಲೆಕ್ಕ, ಯಾರಿಗೆ ಎಷ್ಟು ಖಂಡುಗ ಅಂತ. ಆಗೆಲ್ಲ ಸಣ್ಣ ಪುಸ್ತಕಗಳಿಗೆ ರಟ್ಟು ಇರುತ್ತಿರಲಿಲ್ಲ. ಒಂದೇ ಅಳತೆಯವನ್ನು ಸೇರಿಸಿ ಒಂದು ಬೈಂಡು ಹಾಕಿಸಿದರೆ ಮನೆಯವರಿಗೆ ಖರ್ಚು ಕಮ್ಮಿ. ರಿಜಿಸ್ಟರಿನಲ್ಲಿ ಮಾತ್ರ ಮೊದಲ ಹೆಸರು ಒಂದೇ. ಕಾವ್ಯ ಎಲ್ಲ ಕಡೆ ಸಿಗುತ್ತದೆ, ಹಳೇ ಪಂಚಾಂಗ ಎಲ್ಲಿ ಸಿಗುತ್ತದೆ? ಯುಗಾದಿ ಬಂದರೆ ಎಸೆಯುವ ವಸ್ತು ಅದು.

ನನಗೆ ಬೆವರು ಕಿತ್ತುಕೊಂಡು ಬಂತು. ಟೆಂಪೋದಲ್ಲಿ ಇನ್ನೂ ಇಂಥವು ಎಷ್ಟು ಇವೆಯೋ? "ಎಲ್ಲಾ ಇಳಿಸಿ" ಅಂದೆ. ರದ್ದಿಯವರು ತಕ್ಕಡಿ ಕೆಳಗಿಟ್ಟು, "ಸ್ವಾಮಿ, ದುಡ್ಡು ಕೊಟ್ಟಾಗಿದೆ, ಹಮಾಲಿ ಯಾರು ಕೊಡ್ತಾರೆ?" ಅಂದರು. ಅವರ ಮಾತೂ ನ್ಯಾಯವೇ. ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಖಜಾಂಚಿ ಎತ್ತಿದರು. "ಪಟ್ಟಿಗೆ ನೀವೇ ಸಹಿ ಹಾಕಿದ್ದೀರಲ್ಲ?" ಅಂದರು. ಹಾಕಿದ್ದೆ, ಪ್ರತಿ ಹಾಳೆಗೂ. ಆ ಕಡೆ ಡ್ರೈವರ್ ಹಾರ್ನ್ ಮೇಲೆ ಹಾರ್ನ್. ಅಟೆಂಡರ್ ಯಾರನ್ನೂ ಕೇಳದೆ ಹಿಂದಿನ ಬಾಗಿಲು ತೆಗೆದು ಕಟ್ಟುಗಳನ್ನು ಇಳಿಸತೊಡಗಿದರು. ನಾನೂ ಪಟ್ಟಿ ಜೇಬಿಗೆ ತುರುಕಿ ಕೈ ಹಾಕಿದೆ.

ಎಲ್ಲವನ್ನೂ ಹಿಂದಿನಿಂದ ತಿರುಗಿಸಿ ನೋಡಿದಾಗ ಹಲವು ಹಾಗೆಯೇ ಇದ್ದವು. ಒಂದರಲ್ಲಿ ಯಕ್ಷಗಾನ ಪ್ರಸಂಗ, ಒಂದರಲ್ಲಿ ಸ್ಕೂಲಿನ ಲೆಕ್ಕದ ಪುಸ್ತಕ. ಉಳಿದವು ನಿಜವಾಗಿಯೂ ಡುಪ್ಲಿಕೇಟೇ. ಅವು ಆಮೇಲೆ ರದ್ದಿಗೆ ಹೋದವು, ನನಗೇನೂ ಬೇಜಾರಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳಿ ಅನ್ನುವವರು ಒಂದು ಸಲ ನಮ್ಮ ಗೋಡೌನಿಗೆ ಬಂದು ಗೆದ್ದಲು ನೋಡಲಿ.

ಪಂಚಾಂಗದಲ್ಲಿ ಪುಟಗಳ ಮೇಲೆ 'ಆಂಗೀರಸ ಸಂವತ್ಸರ' ಅಂತ ಮಾತ್ರ ಇತ್ತು. 1872 ಆದರೂ ಆಂಗೀರಸವೇ, 1932 ಆದರೂ ಆಂಗೀರಸವೇ. ಈ ಸಲ ಅವಸರ ಮಾಡಲಿಲ್ಲ. ಹಳೇ ವರ್ಷಗಳ ತಿಥಿ, ವಾರ ಕೊಡುವ ಕೋಷ್ಟಕದ ಸಂಪುಟ ಇಳಿಸಿ, ಚೈತ್ರ ಶುದ್ಧ ಪಾಡ್ಯ ಯಾವ ವಾರ ಬಿದ್ದಿದೆ ಅಂತ ಎರಡೂ ವರ್ಷಕ್ಕೆ ನೋಡಿದೆ. ಆಮೇಲೆ ಇನ್ನೂ ಕೆಲವು ತಿಥಿಗಳನ್ನು ತಾಳೆ ಹಾಕಿದೆ. 1872ಕ್ಕೆ ಕೂತಿತು. ಕಾಗದವೂ ಬಟ್ಟೆಯ ಹಾಗೆ ಮೆತ್ತಗಿತ್ತು. ಆಮೇಲಿನ ಕಾಲದ ಕಾಗದವಾಗಿದ್ದರೆ ಮಡಚಿದ ಕಡೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಇದನ್ನು ಕ್ಯಾಟಲಾಗಿಗೆ ಹಾಕಬೇಕು ಅಂದರೆ ಎಲ್ಲಿ ಹಾಕೋದು? ಜೊತೆಗೆ ಬೈಂಡ್ ಆದ ಪುಸ್ತಕಗಳನ್ನು ಬರೆಯುವ ಫೀಲ್ಡು 501, ಅದು ನಮ್ಮ ಟೆಂಪ್ಲೇಟಿನಲ್ಲಿ ಕಾಣುವುದೇ ಇಲ್ಲ. ಯಾರೋ 'ಬೇಡದ ಫೀಲ್ಡು' ಅಂತ ಮರೆಮಾಡಿದ್ದಾರೆ. ಅದನ್ನು ಬಿಡಿಸಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಸಾಫ್ಟ್‌ವೇರ್ ಕಂಪನಿಯವರ ಹತ್ತಿರ, ಕಂಪನಿಯವರಿಗೆ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ದುಡ್ಡು, ಬಾಕಿ. ಅಲ್ಲಿಯವರೆಗೆ ಎಲ್ಲವನ್ನೂ ಸಾಮಾನ್ಯ ಟಿಪ್ಪಣಿಯ ಫೀಲ್ಡಾದ 500ಕ್ಕೆ ತುರುಕುತ್ತಿದ್ದೇನೆ. ಪುಸ್ತಕದೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನೂ ಇಡುತ್ತೇನೆ. ಡುಪ್ಲಿಕೇಟ್ ಪಟ್ಟಿಗೆ ಈಗ ಎರಡು ಸಹಿ, ಅಟೆಂಡರದ್ದು ಮೊದಲು, ನನ್ನದು ಆಮೇಲೆ. ಅಟೆಂಡರ್ ಸಹಿಗೆ ಬೆಲೆ ಇಲ್ಲ ಅಂತ ಕಮಿಟಿಯಲ್ಲಿ ಒಬ್ಬರು ಆಕ್ಷೇಪಣೆ ಎತ್ತಿದ್ದಾರೆ. ಹಾಗಿದ್ದರೆ ನನ್ನ ಸಹಿಯೂ ಇರುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ. ಟೆಂಪೋದ ಹಮಾಲಿ ದುಡ್ಡು ಸದ್ಯಕ್ಕೆ ನನ್ನ ಜೇಬಿನಿಂದಲೇ ಹೋಗಿದೆ. ವೋಚರ್ ಕೊಟ್ಟಿದ್ದೇನೆ, ಖಜಾಂಚಿ 'ಪರಿಶೀಲನೆಯಲ್ಲಿದೆ' ಅನ್ನುತ್ತಾರೆ.