ತಾಯಿಯ ಮೈಕೈ ನೋವು, ಮಗುವಿನ ಸೆಳವು

ಈ ವಾರ ನನ್ನ ತಂಗಿಯ ಹಸುಗೂಸನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಅದುವರೆಗೆ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗುವಿನ ಬಲಗೈ ಇದ್ದಕ್ಕಿದ್ದಂತೆ ಒಂದೇ ಲಯದಲ್ಲಿ ಅದುರತೊಡಗಿತ್ತು. ವೈದ್ಯೆ ಬಂದವರೇ ಆ ಪುಟ್ಟ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು. ಬರಿಯ ನಡುಕವಾದರೆ ಹಿಡಿದಾಗ ನಿಲ್ಲುತ್ತದೆ, ಸೆಳವಾದರೆ, ಅಂದರೆ ಫಿಟ್ಸ್ ಆದರೆ, ನಿಲ್ಲುವುದಿಲ್ಲ ಎಂದರು. ಅದು ನಿಲ್ಲಲಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಬಹಳ ಕುಸಿದಿತ್ತು. ಆಗ ಅವರು ತಂಗಿಯತ್ತ ತಿರುಗಿ, "ಬಸುರಿಯಾಗಿದ್ದಾಗ ಮೈಕೈ ನೋವು, ಸುಸ್ತು ಇತ್ತೇನಮ್ಮ?" ಎಂದು ಕೇಳಿದರು. "ಇತ್ತು ಮೇಡಂ, ಬಸುರಿಯರಿಗೆಲ್ಲ ಇರುವುದೇ ಅಂದರು" ಎಂದಳು. ಹಾಗೆ ಅಂದವರು ಅವಳ ಅತ್ತೆ. ಅವರು ಕೆಟ್ಟವರಲ್ಲ, ಆದರೆ ಬೇರೆಯವರ ನೋವಿಗೆ ಅವರ ಬಳಿ ಉತ್ತರ ಸದಾ ಸಿದ್ಧವಿರುತ್ತದೆ. ತಪಾಸಣೆಗೆ ಹೋದಾಗಲೆಲ್ಲ ತೂಕ, ರಕ್ತದೊತ್ತಡ ಬರೆದುಕೊಂಡವರೂ ಆ ನೋವನ್ನು ಎಲ್ಲಿಯೂ ಬರೆದಿರಲಿಲ್ಲವೆಂಬುದು ನನಗೆ ಅದಕ್ಕಿಂತ ಹೆಚ್ಚು ಬೇಸರ ತಂದಿತು.

ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು. ತಂಗಿಯ ರಕ್ತದಲ್ಲಿ ಅದು ಮಿಲಿಲೀಟರಿಗೆ ಕನಿಷ್ಠ 20 ನ್ಯಾನೋಗ್ರಾಂ ಇರಬೇಕಿತ್ತು. ಅದರ ಅರ್ಧವೂ ಇರಲಿಲ್ಲ. ಗರ್ಭದಲ್ಲಿರುವ ಮಗುವಿಗೆ ಈ ಜೀವಸತ್ವ ದೊರೆಯುವುದು ತಾಯಿಯಿಂದ ಮಾತ್ರ. ಆಕೆಯಲ್ಲಿಯೇ ಕೊರತೆಯಿದ್ದರೆ ಮಗು ಬರಿಗೈಯಲ್ಲಿ ಹುಟ್ಟುತ್ತದೆ. ಕ್ಯಾಲ್ಸಿಯಮ್ಮನ್ನು ಮಾಸು ಹೇಗೋ ಒದಗಿಸುತ್ತಿರುತ್ತದೆಯಾದರೂ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಪೂರೈಕೆ ನಿಂತು, ಕೊರತೆಯ ಪರಿಣಾಮ ಕೆಲವು ದಿನಗಳ ನಂತರ ಸೆಳವಾಗಿ ತೋರಬಹುದು. ಕೆಲವು ಶಿಶುಗಳಲ್ಲಿ ತಲೆಬುರುಡೆಯ ಮೂಳೆ ಮೆತ್ತಗಿರುತ್ತದೆ. ಗುರುತಿಸದೆ ಬಿಟ್ಟರೆ ಮುಂದೆ ಮೂಳೆಗಳು ಮೆತ್ತಗಾಗಿ ಬಾಗುವ ರಿಕೆಟ್ಸ್ ಬರಬಹುದು, ಅಪರೂಪಕ್ಕೆ ಹೃದಯದ ಸ್ನಾಯುವೂ ದುರ್ಬಲವಾಗಬಹುದು.

ಕ್ಯಾಲ್ಸಿಯಂ ಗ್ಲುಕೋನೇಟನ್ನು ರಕ್ತನಾಳಕ್ಕೆ ಬಹಳ ನಿಧಾನವಾಗಿ ಕೊಟ್ಟರು. ವೇಗ ಹೆಚ್ಚಾದರೆ ಹೃದಯಬಡಿತ ಇಳಿಯುತ್ತದೆ, ಹೊರಗೆ ಸೋರಿದರೆ ಚರ್ಮ ಸುಡುತ್ತದೆ ಎಂದು ನರ್ಸ್ ಒಂದು ಕಣ್ಣನ್ನು ಮಾನಿಟರಿನ ಮೇಲೆ, ಇನ್ನೊಂದನ್ನು ಸೂಜಿ ಚುಚ್ಚಿದ ಜಾಗದ ಮೇಲೆ ಇಟ್ಟೇ ನಿಂತಿದ್ದರು.

ಎದೆಹಾಲು ನಿಲ್ಲಿಸಬೇಕೇ ಎಂದು ಅತ್ತೆ ಕೇಳಿದರು. ಖಂಡಿತ ಬೇಡ, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇರುವುದರಿಂದ ಹಾಲು ಕುಡಿಯುವ ಶಿಶುಗಳಿಗೆಲ್ಲ ದಿನಕ್ಕೆ 400 ಯೂನಿಟ್ ಹನಿಯೌಷಧ ಬೇಕು, ಈ ಮಗುವಿಗೆ ಸದ್ಯ ಹೆಚ್ಚು ಕೊಡುತ್ತೇವೆ ಎಂದರು ವೈದ್ಯೆ. ತಂಗಿಗೂ ಔಷಧ ಶುರುವಾಯಿತು. ಮೆಟ್ಟಿಲು ಹತ್ತುವಾಗ ಅವಳ ತೊಡೆಗಳು ಸೋಲುತ್ತಿದ್ದುದೂ ಇದರಿಂದಲೇ ಇರಬಹುದು ಎಂದು ಅವರು ಹೇಳಿದಾಗ, ಅತ್ತೆ ತುಸು ಹೊತ್ತು ಸುಮ್ಮನಿದ್ದು, ತಮಗೂ ಆ ಪರೀಕ್ಷೆ ಮಾಡಿಸಬಹುದೇ ಎಂದು ವಿಚಾರಿಸಿದರು.