ಹೊಳವಾದ ದಿನಕ್ಕೊಂದು ಬಣ್ಣ: ಸ್ಯಾಸ್ ಕೆಲಸದ ದಿನಚರಿ

ಜೂನ್ 12

ಅಪ್ಪಯ್ಯನ ಮಳೆ ಪುಸ್ತಕಗಳನ್ನು ವೆಬ್ ಪುಟಕ್ಕೆ ತರುವ ಕೆಲಸಕ್ಕೆ ಇಂದಿಗೆ ಮೂರು ವಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿದ ಮೇಲೆ ನಮ್ಮ ಮನೆ. ಅಂಗಳದ ಮಳೆಮಾಪಕದ ನೀರನ್ನು ಅಪ್ಪಯ್ಯ ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುತ್ತಾರೆ. ವರ್ಷಕ್ಕೊಂದು ಪುಟ, ದಿನಕ್ಕೊಂದು ಚೌಕ, ಮಳೆ ಹೆಚ್ಚಿದಷ್ಟೂ ಗಾಢವಾಗುವ ನೀಲಿ. ನನ್ನ ಯೋಜನೆ ಇಷ್ಟೇ.

ಚೌಕಗಳ ಬಣ್ಣವನ್ನು ಒಂದೊಂದಾಗಿ ಬರೆಯುವ ಬದಲು, ಪುಟದ ಬಣ್ಣ, ಆಕಾರ ಹೇಳುವ ಸಿಎಸ್‌ಎಸ್ ಕಡತವನ್ನು ತಯಾರಿಸಿಕೊಡುವ ಭಾಷೆಯಾದ ಸ್ಯಾಸ್‌ನಲ್ಲಿ ‘ಮಳೆಬಣ್ಣ’ ಎಂಬ ಫಂಕ್ಷನ್ ಬರೆದೆ. ಮಳೆಯ ಅಳತೆ ಕೊಟ್ಟರೆ ಅದು ಬಣ್ಣ ಕೊಡುತ್ತದೆ. ಫಂಕ್ಷನ್‌ಗೂ ಚರಾಕ್ಷರಗಳಿಗೂ ಕನ್ನಡದ ಹೆಸರನ್ನೇ ಇಡಬಹುದು, ಸ್ಯಾಸ್ ಒಪ್ಪುತ್ತದೆ. ನನಗೆ ಇದು ದೊಡ್ಡ ಸಂತೋಷ.

ಜೂನ್ 15

ಮೊದಲ ಪುಟವನ್ನು ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಇದರಲ್ಲಿ ಹೊಳವಾದ ದಿನ ಯಾವುದು ಮಾರಾಯ? ಎಲ್ಲವೂ ಒಂದೇ ಸಮ ಬಿಳಿಚಿಕೊಂಡಿವೆಯಲ್ಲ.”

ಅವರ ಮಾತು ಸರಿ. ಅಡಿಕೆ ತೋಟದವರಿಗೆ ಇನ್ನೂರು ಮಿಲಿಮೀಟರ್ ಸುರಿದ ದಿನಕ್ಕಿಂತ ಮಳೆ ಬಿಟ್ಟ ದಿನವೇ ಮುಖ್ಯ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಸಿಗುವುದೇ ಆ ಹೊಳವು. ಬಣ್ಣ ಎಷ್ಟು ಗಾಢವೆಂದು ತಿಳಿಯಲು ನಾನು ಮಳೆಯನ್ನು ನೇರವಾಗಿ 250 ಮಿಲಿಮೀಟರಿನಿಂದ ಭಾಗಿಸಿದ್ದೆ. ಹಾಗೆ ಮಾಡಿದರೆ 10 ಮಿಲಿಮೀಟರ್ ಬಿದ್ದ ದಿನಕ್ಕೆ ಸಿಗುವುದು 0.04. ಸೊನ್ನೆಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಭಾಗಲಬ್ಧಕ್ಕೆ ವರ್ಗಮೂಲ ಹಾಕಿದೆ. ಈಗ 10 ಮಿಲಿಮೀಟರಿಗೆ 0.2, 90ಕ್ಕೆ 0.6, 250ಕ್ಕೆ 1. ಸಣ್ಣ ಮಳೆಗಳು ಒಂದರಿಂದ ಒಂದು ಬಿಡಿಸಿಕೊಂಡವು. ಮಳೆಯೇ ಇಲ್ಲದ ದಿನಕ್ಕೆ ತಿಳಿನೀಲಿಯೂ ಬೇಡವೆಂದು ತೀರ್ಮಾನಿಸಿ ಚೌಕವನ್ನು ಖಾಲಿ ಬಿಟ್ಟೆ.

ಜೂನ್ 18

ಹಳೆಯ ಪುಸ್ತಕಗಳಲ್ಲಿ ಮಳೆ ಇಂಚಿನಲ್ಲಿದೆ. ಎಲ್ಲವನ್ನೂ ಕುಳಿತು ಮಿಲಿಮೀಟರಿಗೆ ಬದಲಿಸಬೇಕೇನೋ ಎಂದುಕೊಂಡಿದ್ದೆ, ಬೇಕಾಗಲಿಲ್ಲ. ಇಂಚು, ಮಿಲಿಮೀಟರ್ ಎರಡೂ ಸಿಎಸ್‌ಎಸ್‌ನ ಮಾನಗಳೇ, ಅವುಗಳ ನಡುವಿನ ಲೆಕ್ಕ ಸ್ಯಾಸ್‌ಗೆ ಗೊತ್ತು. 4 ಇಂಚನ್ನು 250 ಮಿಲಿಮೀಟರಿನಿಂದ ಭಾಗಿಸು ಎಂದರೆ ಮಾನಗಳನ್ನು ತಾನೇ ಹೊಂದಿಸಿಕೊಂಡು 0.4064 ಎನ್ನುತ್ತದೆ. ಅಪ್ಪಯ್ಯ ಬರೆದದ್ದನ್ನು ಬರೆದ ಹಾಗೆಯೇ ನಮೂದಿಸಬಹುದು. ಭಾಗಿಸುವುದನ್ನು ಮರೆತು 90 ಮಿಲಿಮೀಟರನ್ನು ನೇರವಾಗಿ ವರ್ಗಮೂಲಕ್ಕೆ ಕೊಟ್ಟರೆ, ಮಾನವಿಲ್ಲದ ಸಂಖ್ಯೆ ಬೇಕು ಎಂದು ತಡೆದು ನಿಲ್ಲಿಸುತ್ತದೆ. ಈ ಕಟ್ಟುನಿಟ್ಟು ನನಗೆ ಬಹಳ ಇಷ್ಟ.

ಜೂನ್ 24

ಕಡಿಮೆ ಮಳೆಗೆ ಹಳದಿ, ಹೆಚ್ಚು ಮಳೆಗೆ ನೀಲಿ ಇಟ್ಟು ನೋಡಿದೆ. ಬಣ್ಣವನ್ನು ವರ್ಣ, ತೀವ್ರತೆ, ಬೆಳಕು ಎಂದು ಬಿಡಿಸಿ ಹೇಳುವ ಎಚ್‌ಎಸ್‌ಎಲ್ ಲೆಕ್ಕದಲ್ಲಿ ಎರಡಕ್ಕೂ ಬೆಳಕು 50 ಪ್ರತಿಶತವೇ. ಆದರೆ ಕಣ್ಣಿಗೆ ಕಾಣುವ ಬೆಳಕನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ಸಾಪೇಕ್ಷ ಪ್ರಕಾಶ ಹಳದಿಗೆ 0.9278, ನೀಲಿಗೆ 0.0722. ಹಳದಿ ಚೌಕಗಳು ಕಣ್ಣಿಗೆ ಚುಚ್ಚಿದವು. ಅದನ್ನು ಕೈಬಿಟ್ಟು ಬಣ್ಣ ಹೇಳುವ ಇನ್ನೊಂದು ಪದ್ಧತಿಯಾದ ಓಕೆಎಲ್‌ಸಿಎಚ್‌ಗೆ ಬಂದೆ. ಬ್ಯೋರ್ನ್ ಒಟ್ಟೊಸನ್ 2020ರಲ್ಲಿ ಪ್ರಕಟಿಸಿದ ಬಣ್ಣದ ಮಾದರಿ ಓಕೆಲ್ಯಾಬ್‌ನ ಮೇಲೆ ನಿಂತ ಪದ್ಧತಿ ಇದು. ಸ್ಯಾಸ್‌ನ ಈಗಿನ ರೂಪವಾದ ಡಾರ್ಟ್ ಸ್ಯಾಸ್‌ನಲ್ಲಿ 1.79ನೇ ಆವೃತ್ತಿಯಿಂದ ಇದೆ. ಇಲ್ಲಿ ಬೆಳಕಿನ ಅಂಕಿಯೂ ಕಣ್ಣಿಗೆ ಕಾಣುವ ಬೆಳಕೂ ಹತ್ತಿರಹತ್ತಿರ ಬರುತ್ತವೆ. ಸುತ್ತಮುತ್ತಲಿನವರ ಹಳೆಯ ಮೊಬೈಲ್‌ಗಳಲ್ಲಿ ಈ ಬಣ್ಣಗಳು ಮೂಡದೇ ಹೋಗಬಹುದು. ಅದಕ್ಕಾಗಿ ಕೊನೆಯಲ್ಲಿ ಆರ್‌ಜಿಬಿಗೆ ಬದಲಿಸಿ ಬರೆಸುತ್ತಿದ್ದೇನೆ.

ಜುಲೈ 2

ಮೂರು ಸಂಜೆಗಳು ಒಂದೇ ತಪ್ಪಿನ ಹಿಂದೆ ಹೋದವು. ಚೌಕದೊಳಗಿನ ಅಂಕಿ ಬಿಳಿಯಿರಬೇಕೋ ಕಪ್ಪೋ ಎಂದು ಹೇಳುವ ‘ಟೋನ್‌ಆಯ್ಕೆ’ ಫಂಕ್ಷನ್ನನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಸ್ಯಾಸ್‌ಗೆ ಸೇರಿಸಿದ್ದೆ. ದೋಷದ ಸಂದೇಶ ಒಂದೂ ಇಲ್ಲ, ಆದರೂ ಗಾಢ ನೀಲಿಯ ಮೇಲೆ ಕಪ್ಪು ಅಂಕಿಯೇ ಬರುತ್ತಿತ್ತು. ಆರಿದ್ರಾ ಮಳೆಯ ಅಬ್ಬರಕ್ಕೆ ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿತ್ತು.

ಕೊನೆಗೆ ಹೊರಬಂದ ಸಿಎಸ್‌ಎಸ್ ಕಡತವನ್ನೇ ತೆರೆದೆ. ಬಣ್ಣ ಇರಬೇಕಾದ ಜಾಗದಲ್ಲಿ ‘ಟೋನ್‌ಆಯ್ಕೆ’ ಎಂಬ ಹೆಸರೇ ಆವರಣ ಚಿಹ್ನೆಯ ಸಮೇತ ಕುಳಿತಿತ್ತು. ಸ್ಯಾಸ್ ತನಗೆ ಗೊತ್ತಿಲ್ಲದ ಫಂಕ್ಷನ್ನನ್ನು ಸಿಎಸ್‌ಎಸ್‌ನದ್ದು ಎಂದುಕೊಂಡು ಹಾಗೆಯೇ ದಾಟಿಸುತ್ತದೆ, ಅರ್ಥವಾಗದ ಆ ಸಾಲನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಆದರೆ ಹೆಸರು ಸರಿಯಾಗಿಯೇ ಇತ್ತಲ್ಲ? ಅಕ್ಷರಗಳನ್ನು ಒಂದೊಂದಾಗಿ ಎಣಿಸಿದಾಗ ತಿಳಿಯಿತು. ಒಂದು ಕಡೆ ‘ನ್’ ಆದ ಮೇಲೆ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರವಿತ್ತು, ಇನ್ನೊಂದು ಕಡೆ ಇರಲಿಲ್ಲ. ಮುಂದೆ ‘ಆ’ ಇರುವುದರಿಂದ ಕಣ್ಣಿಗೆ ಎರಡೂ ಒಂದೇ.

ಹೆಸರನ್ನು ‘ಅಕ್ಷರಬಣ್ಣ’ ಎಂದು ಬದಲಿಸಿದೆ. ಅಷ್ಟಕ್ಕೇ ಬಿಡಲು ಮನಸ್ಸಾಗದೆ ಇಡೀ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಿಂದ ತೆಗೆದು ಸ್ಯಾಸ್‌ನಲ್ಲೇ ಬರೆದೆ. ಬಣ್ಣದ ಪ್ರಕಾಶ ಲೆಕ್ಕಹಾಕಲು ಬೇಕಾದ 2.4ರ ಘಾತಕ್ಕೆ ಅದರ ಗಣಿತ ಮಾಡ್ಯೂಲ್ ಸಾಕು. ಈಗ ಎಲ್ಲ ಫಂಕ್ಷನ್‌ಗಳೂ ‘ಲೆಕ್ಕ’ ಎಂಬ ನನ್ನ ಮಾಡ್ಯೂಲಿನಲ್ಲಿವೆ. ಮಾಡ್ಯೂಲಿನ ಹೆಸರು, ಚುಕ್ಕಿ, ಆಮೇಲೆ ಫಂಕ್ಷನ್ ಎಂದು ಕರೆದಾಗ ಹೆಸರು ತಪ್ಪಿದರೆ ಸ್ಯಾಸ್ ಅಲ್ಲೇ ನಿಂತು ಹೇಳುತ್ತದೆ.

ಜುಲೈ 7

ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಒಂದು ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಅತ್ಯಂತ ಭಾರೀ ಮಳೆ. ಅಂಥ ದಿನಗಳಿಗೆ ಹಣ್ಣಡಿಕೆಯ ಬಣ್ಣದ ಅಂಚು ಕೊಟ್ಟೆ: ಕೆಂಪು 224, ಹಸಿರು 123, ನೀಲಿ 0. ವೆಬ್ ಪುಟ ಎಲ್ಲರಿಗೂ ಕಾಣುವಂತಿರಬೇಕೆನ್ನುವ ಡಬ್ಲ್ಯುಸಿಎಜಿ ನಿಯಮದಂತೆ ಬಿಳಿ ಪುಟದ ಎದುರು ಇದಕ್ಕೆ ಕನಿಷ್ಠ 3ರ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅಂತರ, ಬೇಕು. ನನ್ನ ಫಂಕ್ಷನ್ 3.00 ಎಂದು ತೇರ್ಗಡೆ ಮಾಡಿತು. ಅನುಮಾನ ಬಂದು ಎರಡು ದಶಮಾಂಶಕ್ಕೆ ಸುತ್ತುಸಂಖ್ಯೆ ಮಾಡುವ ಸಾಲನ್ನು ತೆಗೆದು ನೋಡಿದರೆ 2.9989. ಸುತ್ತುಸಂಖ್ಯೆ ಮಾಡಿ ಪಾಸು ಮಾಡುವುದು ನಿಯಮಕ್ಕೆ ವಿರುದ್ಧ. ಹಸಿರನ್ನು 120ಕ್ಕೆ ಇಳಿಸಿದೆ, ಗೆರೆ ದಾಟಿತು.

ಜುಲೈ 9

ಪುಟ ನೋಡಿದ ಅಪ್ಪಯ್ಯ ಹೋದ ವರ್ಷದ ಎರಡು ಖಾಲಿ ಚೌಕಗಳ ಮೇಲೆ ಬೆರಳಿಟ್ಟು, “ಔಷಧಿ ಹೊಡೆದದ್ದು ಈ ಎರಡು ದಿನ” ಎಂದರು. ಆಮೇಲೆ ಪುಸ್ತಕ ತೆರೆದು ಇನ್ನೊಂದು ಚೌಕ ತೋರಿಸಿದರು. ಅಲ್ಲಿ ಅಂಕಿಯಿಲ್ಲ, ‘ಹನಿ’ ಎಂದಷ್ಟೇ ಬರೆದಿದ್ದಾರೆ. ಅಳೆಯುವಷ್ಟು ನೀರು ನಿಲ್ಲದ ದಿನವಂತೆ. ಅದನ್ನು ನಾನು ಸೊನ್ನೆಯೆಂದು ನಮೂದಿಸಿದ್ದೆ. “ಅವತ್ತು ಹೊಳವಿರಲಿಲ್ಲ, ಎಲೆ ಒದ್ದೆಯಿತ್ತು” ಎಂದರು. ಅಂಥ ಚೌಕದ ನಡುವೆ ಒಂದು ಚುಕ್ಕಿ ಇಡೋಣವೆಂದು ಇಬ್ಬರೂ ಒಪ್ಪಿಕೊಂಡೆವು. ‘ಮಳೆಬಣ್ಣ’ಕ್ಕೆ ಸಂಖ್ಯೆಯಲ್ಲದೆ ಪದವನ್ನೂ ಓದಲು ಕಲಿಸುವುದು ಈ ವಾರದ ಕೆಲಸ.